ಹಜೇರಿ

ಊದು, ಅಂದೆ. ಗಿರಗಿಟ್ಲಿ ತಿರುಗಲಿ.
ಮೂರು ನಿಮಿಷ, ನಿಲ್ಲಿಸಬ್ಯಾಡ.
ತಲೆಗೆ ಇಪ್ಪತ್ತೊಂದು ತಂತಿ ಅಂಟಿಸಿಕೊಂಡ ನೀಲಗಂಗಾ
ಚೆಂಡುಹೂವಿನ ಹಳದಿ ಹೋಗದ ಬೆರಳಲ್ಲಿ
ಕೆಂಪು ಕಾಗದದ ಗಿರಗಿಟ್ಲಿ ಹಿಡಿದು ಊದಿದಳು.
ಕಿಟಕಿಯಾಚೆ ಲಕ್ಷ್ಮೀ ರಸ್ತೆಯ ಹಾರ್ನು.

ಒಂದು ನಿಮಿಷ ನಲವತ್ತು ಸೆಕೆಂಡಿಗೆ
ಗಿರಗಿಟ್ಲಿ ನಿಂತಿತು.

ನನ್ನ ಪರದೆಯ ಮೇಲೆ ಗೆರೆಗಳೆಲ್ಲ ಒಮ್ಮೆಗೇ ಎದ್ದವು:
ಮುಳ್ಳು, ಅಲೆ, ಮುಳ್ಳು, ಅಲೆ,
ಸೆಕೆಂಡಿಗೆ ಮೂರು, ಒಂದೂ ತಪ್ಪದೆ,
ಇಷ್ಟು ಶಿಸ್ತು ಎಚ್ಚರದ ಮಿದುಳಿಗೆ ಇರಬಾರದು.
ನಾನು ಮೆಲ್ಲಗೆ "ಸೇವಂತಿ" ಅಂದೆ.
ಹನ್ನೊಂದು ಸೆಕೆಂಡು. ರೆಪ್ಪೆ ತುಸು ಬಡಿಯಿತು.
ಗಿರಗಿಟ್ಲಿ ಮತ್ತೆ ತಿರುಗಿತು, ನಿಂತೇ ಇರಲಿಲ್ಲವೇನೋ ಎಂಬಂತೆ.
"ಈಗೇನಂದೆ ನಾನು?"
"ನೀವೇನೂ ಅಂದಿಲ್ರಿ."

ಶಾಲೆಯಲ್ಲಿ ಹಜೇರಿ ಕರೆವಾಗ ಇವಳ ಹೆಸರಿಗೆ ಉತ್ತರವಿಲ್ಲ.
ಎರಡನೇ ಬೆಂಚಿನಲ್ಲಿ ಕೂತವಳನ್ನೇ ನೋಡುತ್ತ
ಬಾಯಿ ಗೈರು ಹಾಕುತ್ತಾರೆ.
ಹುಡುಗರಿಟ್ಟ ಹೆಸರು ಅಬೋಲಿ, ಮಾತಾಡದ ಹೂವು.
ಮಾರ್ಕೆಟ್ ಯಾರ್ಡಿನಲ್ಲಿ ಅವ್ವ ಸಂಗವ್ವನ ಹಾರಗಳಲ್ಲಿ
ಮಗಳು ಪೋಣಿಸಿದ್ದನ್ನು ಗಿರಾಕಿಗಳೇ ಗುರುತಿಸುತ್ತಾರೆ:
ನಡುನಡುವೆ ಬರೀ ದಾರ.

"ಗಮನ ಇಲ್ಲ ಅಂತ ಹೊಡದೀನ್ರಿ," ಅಂದಳು ಸಂಗವ್ವ.
"ಎಲ್ಲಿಗಿ ಹೋಗ್ತಾಳ್ರಿ ಅಕಿ?"

ಎಲ್ಲಿಗೂ ಇಲ್ಲ ತಾಯಿ.
ಮಿದುಳಿನ ನಟ್ಟನಡುವೆ ಒಂದು ಪಡಸಾಲೆ ಇದೆ,
ಕಂಡದ್ದು ಕೇಳಿದ್ದು ಅಲ್ಲಿಂದಲೇ ಮೇಲಕ್ಕೆ ಹೋಗಬೇಕು.
ಅಲ್ಲಿನ ಕಣಗಳಿಗೆ ಸಣ್ಣ ಬಾಗಿಲು,
ಕ್ಯಾಲ್ಸಿಯಂ ನುಗ್ಗಿ ಬರುವಂಥದ್ದು.
ನಿದ್ದೆಯಲ್ಲಿ ಅದು ಪಟಪಟನೆ ಬಡಿದುಕೊಳ್ಳುವುದು ಸರಿ.
ಹಗಲಲ್ಲಿ ಬಡಿದುಕೊಂಡರೆ
ಮೇಲಿನವರು ಕೆಳಗಿನವರಿಗೆ ಹೂಂ ಅನ್ನುತ್ತಾರೆ,
ಕೆಳಗಿನವರು ಮೇಲಿನವರಿಗೆ ಹೂಂ,
ಆ ಹೂಂಗುಟ್ಟುವಿಕೆಯಲ್ಲಿ ಕರೆದವರ ದನಿ ಒಳಗೇ ಬರುವುದಿಲ್ಲ.

ಇಷ್ಟೆಲ್ಲ ನಾನು ಅವಳಿಗೆ ಹೇಳಲಿಲ್ಲ.
ತಂತಿ ಅಂಟಿಸುವವಳು ನಾನು, ಹೇಳುವವರು ಡಾಕ್ಟರು.
ಜೆಲ್ ಒರೆಸುತ್ತ ಚೀಲದಲ್ಲಿನ ಹಳೇ ಚೀಟಿ ನೋಡಿದೆ,
ಬಿಬ್ವೇವಾಡಿಯಲ್ಲಿ ಯಾರೋ ಕೊಟ್ಟ ಕಾರ್ಬಮಜೆಪೀನ್.
ಬೇರೆ ಫಿಟ್ಸಿಗೆ ಅದು ದೇವರಂಥ ಗುಳಿಗೆ.
ಇವಳಿಗೆ ದಿನಕ್ಕೆ ಹತ್ತಿದ್ದದ್ದು ನಲವತ್ತಾಗಿತ್ತು.
ಇದೊಂದು ವಿಚಿತ್ರ ಜಾತಿ:
ಕೆಲವು ಔಷಧ ಬ್ರೇಕು ಒತ್ತುತ್ತವೆ,
ಇಲ್ಲಿ ಒತ್ತಿದಷ್ಟೂ ಆ ಬಾಗಿಲು ಸಜ್ಜಾಗುತ್ತದೆ,
ನೀರಲ್ಲಿ ಅದುಮಿದ ಚೆಂಡು ಕೈಬಿಟ್ಟೊಡನೆ ಚಿಮ್ಮುವ ಹಾಗೆ.

ಡಾಕ್ಟರು ಬರೆದದ್ದು ಎಥೋಸಕ್ಸಿಮೈಡ್.
ಅದು ಯಾರನ್ನೂ ಅದುಮುವುದಿಲ್ಲ.
ಆ ಬಾಗಿಲಿನ ಕೀಲಿಗೆ ತುಸು ಬಿಗಿ ಕೊಡುತ್ತದೆ, ಅಷ್ಟೇ,
ತೆರೆಯಲಿ, ಆದರೆ ತಾಳ ಹಿಡಿಯದಿರಲಿ.
ಮೂರು ಅಂಗಡಿಯಲ್ಲಿ ಇಲ್ಲವೆಂದರಂತೆ.
ಸಂಗವ್ವನ ಮೈದುನ ಟೆಂಪೋದಲ್ಲಿ ಮುಂಬಯಿಗೆ ಹೂವು ಒಯ್ದು
ಬರುವಾಗ ಸಿರಪ್ಪಿನ ನಾಲ್ಕು ಬಾಟ್ಲಿ ತಂದ,
ಗೋಣಿಯಲ್ಲಿ ಸುತ್ತಿ, ಮಂಜುಗಡ್ಡೆಯ ಪಕ್ಕ.
ಮೊದಲ ವಾರ ಹೊಟ್ಟೆ ನೋವು, ಬಿಕ್ಕಳಿಕೆ.
ಆಮೇಲೆ, ಸಂಗವ್ವ ಅಂದಳು, ಹಾರ ತುಂಬಿ ಬರತಾವ್ರಿ.

ದೀಪಾವಳಿ ಕಳೆದು ಮತ್ತೆ ಬಂದರು.
ಮತ್ತದೇ ಇಪ್ಪತ್ತೊಂದು ತಂತಿ.
"ಹ್ಯಾಂಗದ ಈಗ?"
"ಅವ್ವ ಬೈಯೂದು ಪೂರ್ತಿ ಕೇಳಸ್ತದ್ರಿ," ಅಂದಳು,
ಅದರಲ್ಲಿ ಖುಷಿಯೇನೂ ಇರಲಿಲ್ಲ.

ಊದು, ಅಂದೆ.
ಒಂದು ನಿಮಿಷ. ಒಂದು ನಲವತ್ತು. ಎರಡು.
ಗೆರೆಗಳು ತಮ್ಮ ತಮ್ಮ ಪಾಡಿಗೆ,
ಸಂತೆಯಲ್ಲಿ ಒಬ್ಬರ ಮಾತು ಒಬ್ಬರು ಕೇಳದ ಹಾಗೆ
ಗಜಿಬಿಜಿ, ಆರೋಗ್ಯ.
ಆದರೂ ರೂಢಿ. ಮೆಲ್ಲಗೆ ಒಂದು ಶಬ್ದ ಎಸೆದೆ: "ಅಬ್ಬಲಿಗೆ."

ಗಿರಗಿಟ್ಲಿ ನಿಂತಿತು.
ನನ್ನ ಕೈ ಪೆನ್ನಿನತ್ತ ಹೋಯಿತು.

"ಅದಕ್ಕ ಇಲ್ಲಿ ಅಬೋಲಿ ಅಂತಾರ್ರಿ," ಅಂದಳು ನೀಲಗಂಗಾ,
"ಮತ್ತ ಅದರ ರೇಟು ಏರೇದ."

ನಿಲ್ಲಿಸಬ್ಯಾಡ, ಊದು, ಅಂದೆ.