ಪೊರೆ

ಕೋಟೆಯೊಳಗೆ ಬಿಸಿಲೂ ಮಳೆಯೂ ಮುಟ್ಟದ ಒಂದು ಮೂಲೆಯಿದೆ.
ನಮ್ಮ ಬಿದ್ರಿಯ ಕಪ್ಪು ಹುಟ್ಟುವುದು ಅಲ್ಲಿಯ ಮಣ್ಣಿನಿಂದ.
ಡಬ್ಬಿ ಹಿಡಿದು ಬಗ್ಗಿದೆ.
ನಾಗರ.
ಹೆಡೆ ಎತ್ತಲಿಲ್ಲ, ಸುರುಳಿ ಬಿಚ್ಚಲಿಲ್ಲ,
ಕಣ್ಣೆರಡೂ ನೀರು ಬೆರೆಸಿದ ಹಾಲಿನ ನೀಲಿ.

ಚಿದ್ರಿಯಿಂದ ಘಾಳೆಪ್ಪ ಸ್ಕೂಟರಿನ ಮೇಲೆ ಬಂದ,
ಕೊಕ್ಕೆಕೋಲು, ಹಳೆಯ ದಿಂಬಿನ ಚೀಲ.
ನೋಡಿದವನೇ ಕೋಲು ಕೆಳಗಿಟ್ಟ.
‘ಇದಕ್ಕ ಈಗ ಏನೂ ಕಾಣಲ್ಲ ತಂಗಿ,
ಪೊರಿ ಬಂದದ. ನಾಕು ದಿನ ಬಿಡು.’

ಕಳಚಿದ ಮೇಲಾದರೂ ಏನು ಕಾಣುತ್ತದೆ ಅದಕ್ಕೆ?

ಬೀಡಿ ಹಚ್ಚುತ್ತ ಹೇಳಿದ:
ಕೆಂಪಿಗೂ ಹಸಿರಿಗೂ ಅದರ ಕಣ್ಣಲ್ಲಿ ಒಂದೇ ಬಾಗಿಲಂತೆ,
ನೀಲಿಗೆ ಬೇರೆ. ಕೆಲವು ಹಾವಿಗೆ
ನೀಲಿಯ ಆಚೆಗೂ ಏನೋ ಕಾಣುತ್ತದಂತೆ,
ನಮ್ಮ ಮಾತಿನಲ್ಲಿ ಹೆಸರಿಲ್ಲದ್ದು.

ನಾನು ಗೋಡೆ ನೋಡಿದೆ.
ಜಂಬಿಟ್ಟಿಗೆಯ ಕೋಟೆ. ಕಂದಕವೂ ಕೆಂಪು, ಬಾವಿಯೂ ಕೆಂಪು,
ನನ್ನ ಹಿಮ್ಮಡಿಯ ಬಿರುಕಿನೊಳಗೂ ಕೆಂಪು.
ಇಷ್ಟು ಕೆಂಪಿನ ಹೊಟ್ಟೆಯಲ್ಲಿ ಹುಟ್ಟಿ
ಕೆಂಪನ್ನೇ ಕಾಣದೆ ಮುದಿಯಾಗುವುದು!
ಮರುಗಬೇಕೆಂದಿದ್ದೆ.
ಆದರೆ ನನ್ನ ಕಸುಬಿನಲ್ಲಿರುವುದೆಷ್ಟು ಬಣ್ಣ?
ಒಂದು ಕಪ್ಪು, ಒಂದು ಬೆಳ್ಳಿ.
ಹದಿನಾಲ್ಕು ವರ್ಷ, ಮೂರನೆಯದು ಬೇಕೆನಿಸಿಲ್ಲ.

ಅಷ್ಟರಲ್ಲಿ ಅದು ನಾಲಿಗೆ ಚಾಚಿತು.
ಎರಡು ಸೀಳು. ಗಾಳಿಯ ರುಚಿ ನೋಡಿತು,
ಅದರಲ್ಲಿ ಬೀಡಿ, ಘಾಳೆಪ್ಪ, ನಾನು.

ಖಾಲಿ ಡಬ್ಬಿ ತಂದೆ. ಬಾಗಿಲು ಮುಚ್ಚಿತ್ತು ಎಂದು
ಲತೀಫ ಮಾಮುವಿಗೆ ಸುಳ್ಳು ಹೇಳಿದೆ.
ಅವರ ಕಣ್ಣಲ್ಲೂ ಪೊರೆ.
ಆಪರೇಷನ್ನಿನ ತಾರೀಖು ಮೂರು ಸಲ ತಪ್ಪಿದೆ:
ಒಮ್ಮೆ ಸಕ್ಕರೆ, ಒಮ್ಮೆ ಮದುವೆ, ಒಮ್ಮೆ ಬರೀ ಹೆದರಿಕೆ.
ತಂತಿ ಕೂರಿಸುವುದು ಬಿಟ್ಟಿದ್ದಾರೆ.
ಮಣ್ಣು ಮಾತ್ರ ಅವರೇ ನೋಡಬೇಕು,
ಚಿಟಿಕೆ ತೆಗೆದು ನಾಲಿಗೆಯ ತುದಿಗಿಟ್ಟು.

ಐದನೆಯ ದಿನ ಮೂಲೆಯಲ್ಲಿ ಪೊರೆ ಬಿದ್ದಿತ್ತು, ಒಳಗು ಹೊರಗಾಗಿ.
ತಲೆಯ ಕಡೆ ಎರಡು ದುಂಡು ಗಾಜು,
ಜೋಳದ ಕಾಳಿನಷ್ಟೂ ಇಲ್ಲ.
ಹಿಡಿದು, ಅದರೊಳಗಿಂದ ಗೋಡೆ ನೋಡಿದೆ.
ಕೆಂಪು ಕೆಂಪಾಗಿಯೇ ಇತ್ತು. ಸ್ವಲ್ಪ ಮಬ್ಬು.

ಮಡಚಿ ಕುಪ್ಪಸದೊಳಗಿಟ್ಟೆ. ಅದರ ಕೆಳಗಿನ ಮಣ್ಣು ಕೆರೆದೆ.

ಒಲೆಯ ಮೇಲೆ ನವಸಾಗರದ ನೀರು ಮರಳುತ್ತಿತ್ತು.
ಮಾಮು ಚಿಟಿಕೆ ನಾಲಿಗೆಗಿಟ್ಟು ಕಣ್ಣು ಮುಚ್ಚಿದರು
(ಹಾವಿಗೆ ಮುಚ್ಚಲು ರೆಪ್ಪೆಯಿಲ್ಲ).
‘ಯಾವ ಮೂಲೀದು?’
‘ಅದೇ ಮೂಲೆ.’
ಮತ್ತೊಂದು ಚಿಟಿಕೆ. ಬಹಳ ಹೊತ್ತು.
‘ಮಣ್ಣು ಛಲೋ ಅದ,’ ಎಂದರು.
‘ಆದ್ರ ಇಲ್ಲಿ ಯಾರೋ ಮಲಗಿದ್ರು.’