ಇಪ್ಪತ್ತೇಳನೆಯ ಪದ

ಐದೂ ಐವತ್ತು. ಶಾರ್ಜಾ, ಅಲ್ ನಹ್ದಾದ ತಿರುವು.
ಬಸ್ಸು ನಿಂತದ್ದು ನಿಂತೇ ಇತ್ತು. ಮುಂದೆ ದುಬೈಯವರೆಗೂ
ಕೆಂಪು ದೀಪಗಳು, ಬಲೆಯಿಂದ ಸುರಿದ ಕೆಂಬೇರಿ ಮೀನಿನ ಹಾಗೆ
ಕಣ್ಣು ಬಿಟ್ಟುಕೊಂಡು ಬಿದ್ದಿದ್ದವು.

ಮೂರನೇ ಸೀಟಿನ ಮಹ್‌ರುಖ್ ಕೈಗೊಂದು ಕಾಗದ ತುರುಕಿದಳು:
"ಜಲ್‌ಜಲಾ ಆಂಟಿ, ನೀವು ಕೇಳಿ, ನಾನು ಹೇಳ್ತೇನೆ."
ನನ್ನ ಹೆಸರು ಜಲಜಾ. ಅವಳ ಭಾಷೆಯಲ್ಲಿ
ಜಲ್‌ಜಲಾ ಎಂದರೆ ಭೂಕಂಪವಂತೆ. ಇರಲಿ,
ನಲವತ್ತು ಮಕ್ಕಳಿಗೆ ಬೆಲ್ಟು ಬಿಗಿದು ಕೂರಿಸುವವಳಿಗೆ
ಒಪ್ಪುವ ಹೆಸರೇ.

ಮೂವತ್ತು ಪದ. ಇವತ್ತು ಟೆಸ್ಟು.
ಮಲ್ಪೆಯ ಶಾಲೆಯಲ್ಲಿ ನನಗೆ ಸಿಕ್ಕ ಇಂಗ್ಲಿಷು
ಕ್ಯಾಟು, ಮ್ಯಾಟು, ಮೈ ಮದರ್, ಒಂದು ರಜಾ ಅರ್ಜಿ.
ಇವು ಬೇರೆ ಜಾತಿ. ಉದ್ದ ಬೆನ್ನು, ಮುಳ್ಳು ಜಾಸ್ತಿ,
ಬಾಯಲ್ಲಿಟ್ಟುಕೊಂಡು ನಿಧಾನ ಬಿಡಿಸಬೇಕು.

ಗ್ರೆ-ಗೇ-ರಿ-ಯಸ್, ಎಂದೆ.
"ಗುಂಪಿನಲ್ಲಿರಲು ಇಷ್ಟಪಡುವ," ಕಣ್ಣು ಮುಚ್ಚಿ ಒಪ್ಪಿಸಿದಳು.
ಓಹೋ, ಬೂತಾಯಿ.
ಫ್ರೂಗಲ್ ಅಂದರೆ ಕೈ ಬಿಗಿಹಿಡಿದು ಖರ್ಚು ಮಾಡುವ;
ಅದು ನಮ್ಮ ರೂಮು, ಆರು ಜನ, ಒಂದು ಗ್ಯಾಸು.
ಯುಬಿಕ್ವಿಟಸ್. ಎಲ್ಲಿ ನೋಡಿದರೂ ಇರುವಂಥದ್ದು.
ಅಜ್ಜಿ ಇದನ್ನು ದೇವರಿಗೆ ಹೇಳುತ್ತಿದ್ದಳು,
ನಾನಿಲ್ಲಿ ಧೂಳಿಗೆ ಹೇಳುತ್ತೇನೆ,
ದಿನಾ ಎರಡು ಸಲ, ಒದ್ದೆ ಬಟ್ಟೆ ಹಿಡಿದು.
ಟ್ರೆಪಿಡೇಶನ್‌ಗೆ ಅವಳು ಅರ್ಥ ಹೇಳಲಿಲ್ಲ,
ಬೆರಳು ನಡುಗಿಸಿ ತೋರಿಸಿದಳು. ಸಾಕಾಯಿತು.
ವೀಸಾ ಆಫೀಸಿನಲ್ಲಿ ನನ್ನ ಟೋಕನ್ ನಂಬರು ಹತ್ತಿರ ಬಂದಾಗ
ಆಗುವುದಕ್ಕೆ ಇಷ್ಟು ದೊಡ್ಡ ಹೆಸರಿದೆಯೆಂದು ತಿಳಿದು
ನನ್ನ ಮೇಲೆ ನನಗೇ ಸ್ವಲ್ಪ ಗೌರವ ಬಂತು.

ಇಪ್ಪತ್ತೇಳು: ಅಬ್‌ಸ್ಕಾಂಡ್.

ಮಹ್‌ರುಖ್ ಕಿಟಕಿ ನೋಡಿದಳು. ತುಟಿ ಕಚ್ಚಿದಳು.
ನಾನು ಕಾಗದ ನೋಡಲಿಲ್ಲ.
ಈ ಒಂದಕ್ಕೆ ನನಗೆ ಕಾಗದ ಬೇಡ.

ಡಿಪೋದ ಬಾಗಿಲಲ್ಲಿ, ನೀರಿನ ಕ್ಯಾನಿನ ಮೇಲ್ಗಡೆ
ಸುಗಂಧಿಯ ಫೋಟೋ ಅಂಟಿಸಿದ್ದರು. ಪಾಸ್‌ಪೋರ್ಟಿನದು,
ನಗಬೇಡಿ ಎಂದು ಹೇಳಿ ತೆಗೆದದ್ದು.
ಕೆಳಗೆ ಇದೇ ಪದ, ಬಾಲಕ್ಕೊಂದು 'ಇಂಗ್' ಕಟ್ಟಿ.
ಒಂಬತ್ತನೇ ಬಸ್ಸಿನ ಸುಗಂಧಿ, ಗಂಗೊಳ್ಳಿಯವಳು,
ನಾಲ್ಕು ತಿಂಗಳು ಸಂಬಳ ಕೇಳಿದಳು,
ಐದನೇ ತಿಂಗಳು ಕೇಳುವುದು ಬಿಟ್ಟಳು.
ಮಂಚದಡಿ ಚಪ್ಪಲಿ ಉಳಿದಿತ್ತು,
ಅರ್ಧ ಬಾಟಲಿ ಮಿಡಿ ಉಪ್ಪಿನಕಾಯಿ ಉಳಿದಿತ್ತು.
ನಾವದನ್ನು ಗಂಜಿಗೆ ಹಚ್ಚಿಕೊಂಡು ಮುಗಿಸಿದೆವು.
ಯಾರೂ ಮಾತಾಡಲಿಲ್ಲ.

ಈಗ ಓದಿದೆ: ತಪ್ಪು ಮಾಡಿ, ಗುಟ್ಟಾಗಿ ಓಡಿಹೋಗುವುದು.
ಗುಟ್ಟಾಗಿ, ಹೌದು. ಓಡಿದಳು, ಅದೂ ಹೌದು.
ಮೊದಲೆರಡು ಮಾತಿನ ಮೇಲೆ ನನ್ನ ಹೆಬ್ಬೆರಳು ಕೂತಿತು,
ಏಳಲಿಲ್ಲ.

"ಆಂಟೀ, ಒಂದು ವಾಕ್ಯ ಕೊಡಿ, ನೆನಪುಳಿಯುವ ಹಾಗೆ."
ಹನ್ನೊಂದು ವರ್ಷದ ಮುಖ. ಟೆಸ್ಟು ಮೊದಲ ಪೀರಿಯಡ್ಡು.
"ಬೆಕ್ಕು," ಎಂದೆ, "ಮೀನು ಕಚ್ಚಿಕೊಂಡು ಅಬ್‌ಸ್ಕಾಂಡ್ ಆಯಿತು."
ಅವಳು ನಕ್ಕಳು. ಹಿಂದಿನ ಸೀಟಿನವರೂ ನಕ್ಕರು.
ಸಿಗ್ನಲ್ಲು ಹಸಿರಾಯಿತು.

ಶಾಲೆ ಬಂದು ನಲವತ್ತು ಚೀಲ ಇಳಿದ ಮೇಲೆ
ನಿಯಮ ಇದೆ: ಖಾಲಿ ಬಸ್ಸಿನ ಕೊನೆಯವರೆಗೂ ನಡೆದು
ಒಂದೊಂದು ಸೀಟಿನಡಿಗೂ ಬಗ್ಗಿ
ನಿದ್ದೆಹೋದ ಮಗು ಉಳಿದಿದೆಯೇ ನೋಡಿ
ಹಿಂದಿನ ಗೋಡೆಯ ಗುಂಡಿ ಒತ್ತಬೇಕು.
ಒತ್ತದಿದ್ದರೆ ಬಸ್ಸು ಕಿರುಚುತ್ತದೆ.
ಒಬ್ಬರೂ ಬಿಸಿಲಿಗೆ ಸಿಕ್ಕಿ ಉಳಿಯಬಾರದೆಂದು, ಒಳ್ಳೆಯ ನಿಯಮ.

ಬಗ್ಗಿದೆ. ಗ್ರೆಗೇರಿಯಸ್, ಯಾರಿಲ್ಲ.
ಫ್ರೂಗಲ್, ಮೋಟು ಪೆನ್ಸಿಲು.
ಯುಬಿಕ್ವಿಟಸ್, ಬಿಸ್ಕತ್ತಿನ ಪುಡಿ.
ಪದ ಮುಗಿದ ಮೇಲೂ ಸೀಟುಗಳಿದ್ದವು.

ಗುಂಡಿಯ ಮೇಲೆ ಬೆರಳಿಟ್ಟವಳು ತಡೆದೆ.
ಡ್ರೈವರ್ ಗುಲ್‌ಜಮೀನ್ ಕನ್ನಡಿಯಲ್ಲಿ ಹುಬ್ಬೇರಿಸಿ ಕೇಳಿದ.
ಅವನ ಪಶ್ತೋಗೂ ಈ ಊರಿನ ಅರಬ್ಬಿಗೂ ನಮ್ಮ ಮಲ್ಪೆಗೂ
ಅರ್ಥ ಹೇಳಿಕೊಡದೆ ತಿಳಿಯುವ ಪದ ಒಂದಿದೆ,
ಯಾವ ಟೆಸ್ಟಿಗೂ ಬರುವುದಿಲ್ಲ.
ಖಾಲಿ, ಎಂದೆ.