ಕೊಳವೆಯೊಳಗಿನ ಸಾಕ್ಷಿ

ಫೆಬ್ರವರಿ. ಸಲೀನ್ ಕೌಂಟಿಯ ಮುಸುಕಿನ ಜೋಳದ ಹೊಲಗಳಲ್ಲಿ
ಕೊಯ್ದುಳಿದ ಕೂಳೆಯ ಮೇಲೆ
ಹಿಮ, ಯಾರೋ ಚೆಲ್ಲಿ ಮರೆತ ಉಪ್ಪು.
ಶೆಡ್ಡಿನೊಳಗೆ ಎಪ್ಪತ್ತೊಂಬತ್ತರ ಫೋರ್ಡ್ ಟ್ರಕ್ಕು
ಬಾನೆಟ್ ತೆರೆದು ನಿಂತಿದೆ,
ಹಲ್ಲಿನ ಡಾಕ್ಟರೆದುರು ಬಾಯಿ ಕಳೆದ ಮುದುಕನ ಹಾಗೆ.

ಅದರ ಕಾರ್ಬ್ಯುರೇಟರ್ ಬಿಚ್ಚಿದವಳು ನಾನು.
ಆ ದಿನ ಲೂಮೀರ್ ಮಾವ ಏನೂ ಅನ್ನಲಿಲ್ಲ.
ಅದನ್ನು ಹಳೇ ಟವೆಲಿನಲ್ಲಿ ಸುತ್ತಿ
ತನ್ನ ಬೀರುವಿನಲ್ಲಿ, ಚಳಿಗಾಲದ ಕಾಲುಚೀಲಗಳ ಪಕ್ಕ ಇಟ್ಟ.

ಬಂಕಿನ ಬೋರ್ಡು ಎಂಬತ್ತೈದು ಅನ್ನುತ್ತದೆ.
ಚಳಿಗಾಲದಲ್ಲಿ ಬೋರ್ಡನ್ನು ನಂಬಬಾರದು.
ಗೆರೆ ಕೊರೆದ ಗಾಜಿನ ಕೊಳವೆಗೆ ನೀರು, ಮೇಲಿಷ್ಟು ಇಂಧನ,
ಬೆರಳಿಟ್ಟು ಕುಲುಕಿ ಕಾದೆ.
ಎಥನಾಲ್ ನೀರಿನ ಕೈ ಹಿಡಿದು ಕೆಳಗಿಳಿಯಿತು,
ಪೆಟ್ರೋಲು ಮೇಲೆ ಒಂಟಿ ತೇಲಿತು.
ಕೂಡಿ ಕಳೆದರೆ ಅರವತ್ತೆಂಟು.

ಪೆಟ್ರೋಲಿನ ಒಂದು ಪಾಲಿಗೆ ಗಾಳಿ ಹದಿನಾಲ್ಕೂ ಮುಕ್ಕಾಲು.
ಜೋಳದ ಈ ಸಾರಾಯಿಗೆ ಅಷ್ಟು ಬೇಡ,
ಒಂಬತ್ತಕ್ಕೇ ತೃಪ್ತಿ.
ಎರಡೂ ಬೆರೆತ ಇವತ್ತಿನ ಟ್ಯಾಂಕಿಗೆ ಹತ್ತೂಮುಕ್ಕಾಲು.
ಅಷ್ಟನ್ನು ಲ್ಯಾಪ್‌ಟಾಪಿಗೆ ಹೇಳಿದೆ.
ಉಳಿದದ್ದು ಸೆನ್ಸರಿನ ಕೆಲಸ.

ಹೆಬ್ಬೆರಳುದ್ದ ಅದು,
ಹೊಗೆಯ ದಾರಿಯಲ್ಲಿ ಮೂಗು ಚಾಚಿ ಕೂತಿದೆ.
ಕೆಂಪಗೆ ಕಾಯುವ ತನಕ ಬಾಯಿ ಬಿಡದು.
ಕಾದ ಮೇಲೂ ಹೇಳುವುದು ಒಂದೇ ಸಂಗತಿ:
ಉರಿದ ಮೇಲೆ ಆಮ್ಲಜನಕ ಎಷ್ಟು ಮಿಕ್ಕಿತು.
ಆಗಿಹೋದದ್ದರ ಸಾಕ್ಷಿ. ಆಗುವುದು ಅದಕ್ಕೆ ತಿಳಿಯದು.

ತೆಳು, ಅಂದಿತು.
ಇಂಧನ ಕೂಡಿಸಿದೆ.
ಇನ್ನೂ ತೆಳು.
ಮತ್ತಷ್ಟು.

ಮೂರು ಸಂಜೆ ಹೀಗೇ ಕಳೆದವು.
ಕಳಚಿದ ಪ್ಲಗ್ಗುಗಳು ಸೌದೆ ಒಲೆಯ ಹೆಂಚಿನ ತಳ,
ಒರೆಸಿದರೆ ಬೆರಳಿಗೆ ಕಾಡಿಗೆ.
ಮಾವ ಬಾಗಿಲಲ್ಲೇ ನಿಂತು ಕಣ್ಣುಜ್ಜಿಕೊಂಡ:
'ಗಟ್ಟಿಯಾಗಿದೆ, ಜಿಟ್ಕಾ. ಕಣ್ಣುರಿಯುತ್ತಿದೆ.'
'ತೆಳು ಅಂತಿದೆ ಮಾವ. ಸೆನ್ಸರು ಸುಳ್ಳು ಹೇಳಲ್ಲ.'
'ನನ್ನ ಮೂಗೂ ಹೇಳಲ್ಲ.'

ಇಬ್ಬರೂ ನಿಜ ಹೇಳುತ್ತ
ಇಬ್ಬರಲ್ಲೊಬ್ಬರು ತಪ್ಪಾಗಲೇಬೇಕು ಅಂದುಕೊಂಡು
ಆ ರಾತ್ರಿ ನಾನು ಊಟದ ಮೇಜಿನಲ್ಲಿ ಮಾತಾಡಲಿಲ್ಲ.

ಬೆಳಿಗ್ಗೆ ಅವನು ಬಂದದ್ದು ಕ್ಷೌರದ ಕುಂಚ ಹಿಡಿದು,
ಇನ್ನೊಂದು ಕೈಯಲ್ಲಿ ಪಾತ್ರೆ ತೊಳೆಯುವ ಸಾಬೂನಿನ ನೀರು.
ಆಗಷ್ಟೇ ಹೊತ್ತಿಸಿದ ಎಂಜಿನ್, ಕೊಳವೆ ಇನ್ನೂ ತಣ್ಣಗೆ.
ನೆಲಕ್ಕೆ ಬೆನ್ನು ಕೊಟ್ಟು ಒಳತೂರಿದ, ಎಪ್ಪತ್ತೆರಡರ ವಯಸ್ಸಿಗೆ,
ಗಲ್ಲಕ್ಕೆ ಬಳಿದಂತೆ ನಿಧಾನ ಬಳಿದ.

'ಇಲ್ಲಿ ನೋಡು.'
ಸೆನ್ಸರಿಗೆಂದು ಕೊರೆದು ಕೂರಿಸಿದ ಉಂಗುರದ ಬುಡದಲ್ಲಿ
ನೊರೆ ಉಬ್ಬಿತು. ಮರುಕ್ಷಣ ಒಳಕ್ಕೆ ಹೀರಿತು.
ಮತ್ತೆ ಉಬ್ಬಿತು.
ಸೂಜಿ ತೂರದಷ್ಟು ಸಣ್ಣ ತೂತು, ಅಲ್ಲಿಂದ
ಶೆಡ್ಡಿನ ಗಾಳಿ ಒಳನುಗ್ಗಿ
ಸಾಕ್ಷಿಯ ಮೂಗಿಗೇ ಬಡಿಯುತ್ತಿತ್ತು.
ಉಸಿರು ಮಿಕ್ಕಿದೆ ಅಂದದ್ದು ಹೌದು.
ಎಂಜಿನಿನದಲ್ಲ, ಅಷ್ಟೆ.

ಆ ಬೆಸುಗೆ ನನ್ನದು.
ನವೆಂಬರಿನಲ್ಲಿ, ಕತ್ತಲಾಗುವ ಮುಂಚೆ ಮುಗಿಸಬೇಕೆಂದು
ಕೊನೆಯ ಕಾಲಂಗುಲ ಓಡಿಸಿದ್ದೆ.
ಮಾವನಿಗೆ ಅದು ಗೊತ್ತು. ಆಗ ದೀಪ ಹಿಡಿದಿದ್ದವನು ಅವನೇ.
ಕುಂಚ ಜಾಡಿಸುತ್ತ
'ಸಾಬೂನು ಚೆನ್ನಾಗಿದೆ' ಅಂದ.

ಉಜ್ಜಿ, ಮತ್ತೆ ಬೆಸೆದೆ. ಈ ಸಲ ಕಾದು, ತಣಿಸಿ, ಕಾದು.
ಸುರಿದಿದ್ದ ಇಂಧನವನ್ನೆಲ್ಲ ಲೆಕ್ಕದಿಂದ ಹಿಂತೆಗೆದೆ.
ಮಾವ ಎಂದೂ ಕೇಳದವನು ಕೇಳಿದ: 'ಈಗ ಎಷ್ಟು?'
'ಒಂದರ ಆಸುಪಾಸು.'
'ಆಸುಪಾಸು ಅಂದರೆ?'
'ನಿಲ್ಲಲ್ಲ ಮಾವ. ಆಚೆ ಹೋಗುತ್ತೆ, ಈಚೆ ಬರುತ್ತೆ.'
'ಬೀರುವಿನಲ್ಲಿರೋದೂ ಹಾಗೇ ಮಾಡ್ತಿತ್ತು.'

ನಾನು ಪರದೆಯಿಂದ ಕಣ್ಣು ತೆಗೆದು ಮೂಸಿದೆ.
ಏನಿಲ್ಲ, ಬಿಸಿ ಕಬ್ಬಿಣ, ಒಂದಿಷ್ಟು ಸಿಹಿ,
ಒಣಗಿದ ದಿಂಡು ಸುಟ್ಟ ವಾಸನೆ.

ಏಪ್ರಿಲಿನಲ್ಲಿ ಬಂಕಿನವರು ಬೆರಕೆ ಬದಲಿಸುತ್ತಾರೆ.
ಬೋರ್ಡು ಆಗಲೂ ಎಂಬತ್ತೈದೇ.
ಗಾಜಿನ ಕೊಳವೆ ತೊಳೆದು
ಅವನ ಕುಂಚದ ಪಕ್ಕ ಬೋರಲು ಹಾಕಿದೆ.